ಸಿಂಹದ ಜೂಲಿಗೆ ಹಳೇ ಶಾಲು ಬೇಕು

ಪ್ರಿಯ ಪೋಷಕರೇ,

ನಮಸ್ಕಾರ. ನಾಲ್ಕನೇ ತರಗತಿಯ ಮಕ್ಕಳು ಎರಡು ವಾರದಿಂದ ಮನೆಯಲ್ಲಿ ಗರ್ಜಿಸುತ್ತಿದ್ದರೆ ಅದಕ್ಕೆ ನಾವೇ ಹೊಣೆ. ಕೊನೆಯ ಪೀರಿಯಡ್‌ನಲ್ಲಿ ದಿನಕ್ಕಿಷ್ಟರಂತೆ ಓಜ್ ಮಾಂತ್ರಿಕನ ಕಥೆ ಹೇಳುತ್ತಿದ್ದೇವೆ. ಅಮೆರಿಕದ ಎಲ್. ಫ್ರಾಂಕ್ ಬಾಮ್ ಅವರ ಈ ಪುಸ್ತಕ ಅಚ್ಚಾದದ್ದು 1900ರಲ್ಲಿ. ಅದರಲ್ಲೊಂದು ಅಂಜುಬುರುಕ ಸಿಂಹವಿದೆ. ಬಂದದ್ದೇ ಗರ್ಜಿಸಿ, ಕಥೆಯ ಹುಡುಗಿ ಡೊರೊಥಿಯ ಪುಟ್ಟ ನಾಯಿಗೆ ಬಾಯಿ ಹಾಕಲು ಹೋಗಿ, ಅವಳಿಂದ ಮೂಗಿನ ಮೇಲೆ ಏಟು ತಿಂದು, ತಾನು ಹೇಡಿಯೆಂದು ಒಪ್ಪಿಕೊಳ್ಳುತ್ತದೆ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು.

ಮಾಂತ್ರಿಕ ಓಜ್‌ನನ್ನು ಧೈರ್ಯ ಕೇಳಲೆಂದು ಸಿಂಹವೂ ಡೊರೊಥಿ ಮತ್ತು ಅವಳ ಜೊತೆಗಾರರ ಸಂಗಡ ಹೊರಡುತ್ತದೆ. ಮುಂದೆ ದಾರಿಗೆ ಅಡ್ಡವಾಗಿ ಆಳವಾದ ಕಂದಕ, ತಳದಲ್ಲಿ ಚೂಪು ಬಂಡೆಗಳು. ಬೀಳುವ ಭಯ ಸಿಂಹಕ್ಕೆ ಬೇಕಾದಷ್ಟಿದೆ. ಆದರೂ ಮೊದಲು ಬೆದರುಗೊಂಬೆಯನ್ನು, ಆಮೇಲೆ ನಾಯಿಯ ಸಮೇತ ಡೊರೊಥಿಯನ್ನು, ಕೊನೆಗೆ ತಗಡಿನ ಮನುಷ್ಯನನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಾರಿ, ಓಡಿ ಬಂದ ನಾಯಿಯ ಹಾಗೆ ಏದುಸಿರು ಬಿಡುತ್ತ ಕೂರುತ್ತದೆ.

"ಭಯ ಇದ್ರೆ ಯಾಕೆ ಹಾರ್ತು ಮಿಸ್?" ಅಂದ ಒಬ್ಬ ಹುಡುಗ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಹುಡುಗಿ, "ಬೇರೆ ಯಾರಿಗೂ ಹಾರಕ್ಕೆ ಬರಲ್ವಲ್ಲೋ" ಅಂದಳು. ನಾನು ಏನನ್ನೂ ಸೇರಿಸಲಿಲ್ಲ.

ಆದರೆ ಓಜ್ ನಿಜವಾದ ಮಾಂತ್ರಿಕನೇ ಅಲ್ಲ, ಬಲೂನಿನಲ್ಲಿ ದಾರಿ ತಪ್ಪಿ ಬಂದ ಮಾಮೂಲಿ ಮನುಷ್ಯ. ನಿನ್ನಲ್ಲಿ ಧೈರ್ಯಕ್ಕೇನೂ ಕೊರತೆಯಿಲ್ಲ ಅಂತ ಅವನು ಹೇಳಿದರೂ ಸಿಂಹ ಒಪ್ಪುವುದಿಲ್ಲ. ಕೊನೆಗೆ ಹಸಿರು ಬಾಟಲಿಯಿಂದ ಏನನ್ನೋ ಸುರಿದು ಕುಡಿಸಿ ಕಳಿಸುತ್ತಾನೆ. 1939ರ ಸಿನಿಮಾದಲ್ಲಿ ಅದರ ಬದಲು ಪದಕ ಕೊಡುತ್ತಾನೆ. ನನಗಂತೂ ಬಾಟಲಿಯೇ ಇಷ್ಟ. ಕುಡಿದ ಮೇಲೆ ಊರಿಗೆಲ್ಲ ತೋರಿಸಿಕೊಂಡು ತಿರುಗಲು ಏನೂ ಉಳಿಯುವುದಿಲ್ಲ.

ಇದನ್ನೆಲ್ಲ ಬರೆಯಲು ಕಾರಣ ವಾರ್ಷಿಕೋತ್ಸವಕ್ಕೆ ಆಡುವ ಇದೇ ಕಥೆಯ ನಾಟಕದ ತಾಲೀಮು. ಗೇಟಿನ ಹತ್ತಿರ ಎರಡು ಮಾತು ಕಿವಿಗೆ ಬೀಳುತ್ತಿವೆ: "ಇವನು ಬಿಡಿ, ಶುದ್ಧ ಪುಕ್ಕಲ" ಮತ್ತು "ಸ್ಟೇಜ್ ಮೇಲೆ ಮಾತಾಡಿದ್ರೆ ಸೈಕಲ್ ಕೊಡಿಸ್ತೀನಿ". ನಾನೇನೂ ಸಾಚಾ ಅಲ್ಲ. ಹಿಂದೊಮ್ಮೆ ಪೋಷಕರ ಸಭೆಯಲ್ಲಿ, ಮಗು ಎದುರಿಗೇ ನಿಂತಿದ್ದಾಗ, "ಸ್ವಲ್ಪ ಪುಕ್ಕಲು ಸ್ವಭಾವ" ಅಂದುಬಿಟ್ಟಿದ್ದೆ. ಸಭೆ ಮುಗಿಯುವವರೆಗೂ ಆ ಹುಡುಗ ತನ್ನ ಬೂಟಿನ ಲೇಸನ್ನೇ ನೋಡುತ್ತಿದ್ದ. ಆಮೇಲೆ ಇಡೀ ವರ್ಷ ನನ್ನ ಮುಂದೆ ಅವನು ಪದ್ಯ ಒಪ್ಪಿಸಲಿಲ್ಲ.

ಹಾಗಾಗಿ ದಯವಿಟ್ಟು ಆ ಪದವೂ ಬೇಡ, ಸೈಕಲ್ಲೂ ಬೇಡ. ಮಗುವಿಗೆ ಯಾವುದರ ಭಯ ಅಂತ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ: ಮೈಕೋ, ಜನವೋ, ಮಾತು ಮರೆತುಹೋಗುವುದೋ. ಮರೆಯುವ ಭಯವಿದ್ದವರು ಚೀಟಿ ಹಿಡಿದುಕೊಳ್ಳಲಿ. ಒಬ್ಬರೇ ನಿಲ್ಲಲಾರದವರು ಜೋಡಿಯಾಗಿ ಹೇಳಲಿ. ಪರದೆ ಎಳೆಯುವ ಕೆಲಸವೂ ಇದೆ, ಅದನ್ನು ಕೇಳಿಕೊಂಡು ಈಗಾಗಲೇ ಇಬ್ಬರು ಬಂದಿದ್ದಾರೆ.

ಸಿಂಹದ ಪಾತ್ರಕ್ಕೆ ಇದುವರೆಗೆ 11 ಮಕ್ಕಳು ಹೆಸರು ಕೊಟ್ಟಿದ್ದಾರೆ. ಎಲ್ಲರೂ ಸಿಂಹಗಳೇ ಆಗುತ್ತಾರೆ, ಒಂದೊಂದು ದೃಶ್ಯಕ್ಕೆ ಒಬ್ಬೊಬ್ಬರು. ಜೂಲಿಗೆ ಬಟ್ಟೆ ಸಾಲದು. ಮನೆಯಲ್ಲಿ ಕಂದು ಬಣ್ಣದ ಹಳೇ ಉಣ್ಣೆ ಶಾಲು ಇದ್ದರೆ ಶುಕ್ರವಾರದೊಳಗೆ ಕಳಿಸಿಕೊಡಿ. ಕತ್ತರಿಸುತ್ತೇವೆ, ವಾಪಸ್ ಸಿಗುವುದಿಲ್ಲ.

ಇತಿ,
ಮುಖ್ಯೋಪಾಧ್ಯಾಯಿನಿ