ಹೊಳೆದಂಡೆಯ ದೀಪದ ಕಂಬ ನಿಲ್ಲಿಸಿದವರಿಗೆ ಶರಣು

ಈ ಕಾರ್ತಿಕದಲ್ಲಿ ಗಂಗಾವತಿ ತಾಲ್ಲೂಕಿನ ನಮ್ಮೂರ ತುಂಗಭದ್ರಾ ಹೊಳೆದಂಡೆಯ ದೀಪದ ಕಂಬಕ್ಕೆ ಮತ್ತೆ ಎಣ್ಣೆ ಬಿತ್ತು. ಕೈ ಹಚ್ಚಿದ ಎಲ್ಲರಿಗೂ ಊರಿನ ಪರವಾಗಿ ಶರಣು. ಯಾರು ಏನು ಮಾಡಿದರು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ. ಹಳೆಯ ಕಲ್ಲುಕಂಬ ರಿಪೇರಿಗೆ ಇಳಿಯುವ ಬೇರೆ ಊರಿನವರಿಗೂ ಇದು ಬೇಕಾದೀತು.

ಇಂಥ ಕಂಬ ಬರೀ ಹಬ್ಬದ ಅಲಂಕಾರಕ್ಕಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಯಸ್ ಇಲ್ಲಿನ ಹರಿಗೋಲುಗಳ ಬಗ್ಗೆ ಬರೆದಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, 15–20 ಜನ ಹಿಡಿಸುತ್ತಾರೆ, ನೇರ ಹೋಗದೆ ಸುತ್ತುತ್ತಲೇ ಸಾಗುತ್ತವೆ ಎನ್ನುತ್ತಾನೆ. ಸುತ್ತುವ ಹರಿಗೋಲಿನಲ್ಲಿ ಕತ್ತಲಾದರೆ ದಿಕ್ಕು ತಪ್ಪುತ್ತದೆ, ಸೆಳವು ಎಷ್ಟು ಕೆಳಗೆ ಒಯ್ದಿತೆಂದು ತಿಳಿಯುವುದಿಲ್ಲ. ದಂಡೆಯ ಮೇಲೆ ಒಂದೇ ಜಾಗದಲ್ಲಿ ಉರಿಯುವ ದೀಪವಿದ್ದರೆ ಹುಟ್ಟು ಹಾಕುವವನಿಗೆ ಅದೇ ಗುರುತು. ಕಡಲ ದೀಪಸ್ತಂಭ ಹಡಗಿಗೆ ಮಾಡುವ ಕೆಲಸವೂ ಇದೇ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆಮೇಲಿನ ದಿನಗಳಲ್ಲಿ ನಮ್ಮ ಕಂಬ ನಿಂತ ಕಟ್ಟೆಯ ತಳದ ಮಣ್ಣು ಹೊಳೆಪಾಲಾಗಿ ಕಂಬ ವಾಲಿತು. ಆದರೆ ತಪ್ಪೆಲ್ಲ ನೀರಿನದಲ್ಲ. ಹಿಂದಿನ ರಿಪೇರಿಯಲ್ಲಿ ಸಂದುಗಳಿಗೆ ಸಿಮೆಂಟು ಮೆತ್ತಿ, ಮೇಲೆ ಆಯಿಲ್ ಪೇಂಟ್ ಬಳಿದಿದ್ದರು. ಒಳಹೊಕ್ಕ ನೀರಿಗೆ ಆರುವ ದಾರಿಯೇ ಇರಲಿಲ್ಲ. ಕಂಬದ ಕಲ್ಲುತುಂಡುಗಳ ನಡುವಿನ ಕಬ್ಬಿಣದ ಗೂಟ ತುಕ್ಕು ಹಿಡಿದು ಉಬ್ಬಿ, ಕಲ್ಲನ್ನು ಒಳಗಿನಿಂದ ಸೀಳಿತ್ತು. ಹೊರಗೆ ಕಂಡದ್ದು ಕೂದಲೆಳೆಯಂಥ ಬಿರುಕು, ಅದರಗುಂಟ ಕಂದು ಕಲೆ. ಅದನ್ನು ಮೊದಲು ಗುರುತಿಸಿದವರು ಕಲ್ಲುಕುಟಿಗ ಅಣ್ಣಂದಿರು. ಅವರು ನೋಡದಿದ್ದರೆ ಎತ್ತುವಾಗಲೇ ಕಲ್ಲು ಎರಡಾಗುತ್ತಿತ್ತು.

ಗ್ರೈಂಡರ್ ಬೇಡವೆಂದು ಹಟ ಹಿಡಿದವರೂ ಅವರೇ. ಅದರ ಬಿಲ್ಲೆ ಸಿಮೆಂಟಿನ ಜೊತೆ ಕಲ್ಲಿನ ಅಂಚನ್ನೂ ತಿನ್ನುತ್ತದೆ. ಸಂದಿನ ನಡುವೆ ಸಣ್ಣ ಉಳಿಯಿಂದ ಗೀರಿ, ಅಲ್ಲಿಂದ ಎರಡೂ ಕಡೆಗೆ ಬಿಡಿಸುತ್ತ ಬಂದರು. ಎತ್ತುವ ಮುಂಚೆ ಲೆಕ್ಕ ಹಾಕಿದ್ದೂ ಹೀಗೆ: ಈ ಕಲ್ಲು ಘನ ಅಡಿಗೆ ಸುಮಾರು 75 ಕೆಜಿ, ಒಂದೂವರೆ ಅಡಿ ಅಗಲ, 8 ಅಡಿ ಉದ್ದದ ಎಂಟು ಮೂಲೆಯ ತುಂಡು 1,100 ಕೆಜಿ ದಾಟುತ್ತದೆ. ಹಾಗಾಗಿ 2 ಟನ್ನಿನ ಚೈನ್ ಬ್ಲಾಕ್ (ಭಾರ ಎತ್ತುವ ಸರಪಳಿ ರಾಟೆ), ಅಗಲ ಪಟ್ಟಿ, ಪಟ್ಟಿಯ ಕೆಳಗೆ ಗೋಣಿಚೀಲ. ಕಬ್ಬಿಣದ ಗೂಟದ ಬದಲು ಸುಲಭಕ್ಕೆ ತುಕ್ಕು ಹಿಡಿಯದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಗೂಟ ಕೂರಿಸಿದರು. ಕಲ್ಲಿನ ಮೇಲೆ ಕಲ್ಲು ನೇರ ಕೂತರೆ ಅಂಚು ಸಿಡಿಯುತ್ತದೆಂದು ನಡುವೆ 3 ಮಿಮೀ ಸೀಸದ ತಗಡಿನ ತುಣುಕು ಇಟ್ಟರು.

ಗಚ್ಚಿನ (ಸುಣ್ಣದ ಗಾರೆಯ) ಕೆಲಸದ ತಾತನವರಿಗೆ ಎಷ್ಟು ಶರಣೆಂದರೂ ಕಡಿಮೆಯೇ. ಸುಟ್ಟ ಸುಣ್ಣದ ಹರಳನ್ನು ನೀರಿಗೆ ಹಾಕಬೇಕು, ಹರಳಿನ ಮೇಲೆ ನೀರು ಸುರಿದರೆ ಮುಖಕ್ಕೆ ಸಿಡಿಯುತ್ತದೆ ಎಂಬುದರಿಂದ ಹಿಡಿದು ಎಲ್ಲವನ್ನೂ ಹುಡುಗರಿಗೆ ಕೈಹಿಡಿದು ಕಲಿಸಿದರು. ಸುಣ್ಣ ನೀರಿನಡಿ ತಿಂಗಳಿಗೂ ಮೇಲೆ ಮಾಗಬೇಕು. ಅರಳದ ಹರಳು ಉಳಿದರೆ ಗೋಡೆಗೆ ಹೋದಮೇಲೆ ಅರಳಿ ಗಚ್ಚನ್ನು ಒಡೆಯುತ್ತದೆ. ಮೇಲಿನ ಸಂದಿಗೆ ಒಂದು ಪಾಲು ಸುಣ್ಣ, ಮೂರು ಪಾಲು ತೊಳೆದ ಉಸುಕು. ತೇವ ಬಿಡದ ತಳಕ್ಕೆ ಅದು ಸಾಲದು, ಬರೀ ಸುಣ್ಣ ಗಾಳಿ ಇಲ್ಲದೆ ಗಟ್ಟಿಯಾಗುವುದಿಲ್ಲ. ಅಲ್ಲಿ ಒಂದು ಪಾಲು ಸುಣ್ಣ, ಒಂದು ಪಾಲು ಇಟ್ಟಿಗೆ ಪುಡಿ, ಎರಡು ಪಾಲು ಉಸುಕು. ಅಳಲೆಕಾಯಿ, ಬೆಲ್ಲದ ನೀರನ್ನು ಅಳೆದೇ ಹಾಕಿದರು. ಬೆಲ್ಲ ಹೆಚ್ಚಾದರೆ ಗಚ್ಚು ಬೇಗ ಬಿಗಿಯುವುದಿಲ್ಲ.

ಗಚ್ಚು ಹಾಕಿದ್ದು ಚಳಿಗಾಲದಲ್ಲಿ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಒಂದೇ ದಿನದಲ್ಲಿ ಒಣಗಿ ಪುಡಿಯಾಗುತ್ತದೆ. ಚಳಿಯಲ್ಲೂ ಎರಡು ವಾರ ಗಚ್ಚಿಗೆ ಹೊದಿಸಿದ ಗೋಣಿಚೀಲ ಒಣಗದಂತೆ ಕೊಡ ಹೊತ್ತು ನೀರು ಹಾಕಿದ ಅಕ್ಕಂದಿರೇ, ಗಚ್ಚು ಬಿರಿಯದೆ ನಿಂತದ್ದು ನಿಮ್ಮಿಂದ. ಕಟ್ಟೆಯ ತಳಕ್ಕೆ ಗುಂಡುಗಲ್ಲು ಸಾಗಿಸಿದ ಹರಿಗೋಲಿನ ಅಣ್ಣಂದಿರಿಗೆ, ಅರ್ಧ ಅಡಿಗೊಮ್ಮೆ ಮೊರಂ ಹಾಕಿ ದಿಮ್ಮಸು ಬಡಿದ ಹುಡುಗರಿಗೆ, ನಕ್ಷೆ ಬರೆದುಕೊಟ್ಟ ಎಂಜಿನಿಯರ್ ಮೇಡಂ ಅವರಿಗೆ ನಮಸ್ಕಾರ. ಆ್ಯಸಿಡ್ ಹಾಕಿ ಹೊಳಪು ಬರಿಸೋಣ ಎಂಬ ಮಾತು ಬಂದಾಗ ತಡೆದವರೂ ಮೇಡಂ. ಆ್ಯಸಿಡ್ ಸುಣ್ಣದ ಸಂದನ್ನು ತಿನ್ನುತ್ತದೆ, ಕಲ್ಲಿನೊಳಗಿನ ಕಬ್ಬಿಣದಂಶವನ್ನು ಹಳದಿಯಾಗಿ ಹೊರಗೆಳೆಯುತ್ತದೆ. ಎಣ್ಣೆಯ ಮಸಿ ಬಿಟ್ಟದ್ದು ಸೌಮ್ಯ ಸೋಪು, ಬಿಸಿನೀರು, ನೈಲಾನ್ ಬ್ರಷ್‌ಗೇ.

ದೀಪ ಹಚ್ಚುವವರಲ್ಲಿ ಒಂದು ಬಿನ್ನಹ: ಎಣ್ಣೆಯನ್ನು ನೇರ ಕಲ್ಲಿನ ಕುಳಿಗೆ ಸುರಿಯಬೇಡಿ, ತಟ್ಟೆಯ ಮೇಲೆ ಹಣತೆ ಇಡಿ. ಡ್ಯಾಮಿನಿಂದ ನೀರು ಬಿಟ್ಟು ಹೊಳೆ ಇಳಿದಾಗಲೆಲ್ಲ ತೂಗುಗುಂಡು ಇಳಿಬಿಟ್ಟು ಕಂಬ ನೆಟ್ಟಗಿದೆಯೇ ನೋಡಬೇಕು, ತಳದ ಗುಂಡುಗಲ್ಲು ಸರಿದಿದ್ದರೆ ಮಳೆಗಾಲ ಮುಗಿಯುವ ತನಕ ಕಾಯದೆ ತುಂಬಬೇಕು. ಆ ಕೆಲಸವನ್ನು ಹರಿಗೋಲಿನ ಅಣ್ಣಂದಿರು ಒಪ್ಪಿಕೊಂಡಿದ್ದಾರೆ, ಅದಕ್ಕೂ ಈಗಲೇ ಶರಣು.