ಬೀಡಿಂಗ್ ಒಳಗೋ ಹೊರಗೋ, ಮೊದಲು ಕೇಳಿ

ಮಾನ್ಯ ಸಂಪಾದಕರೇ,

ನಮ್ಮ ಮನೆ ಇರುವುದು ಉಡುಪಿಯ ಅಂಬಲಪಾಡಿಯಲ್ಲಿ, ಹೆದ್ದಾರಿ 66ಕ್ಕೆ ಹತ್ತಿರ. ಮೂರು ವರ್ಷದ ಹಿಂದೆ ಕಟ್ಟಿಸುವಾಗ ದುಬೈಯಲ್ಲಿರುವ ಮಗ, "ಅಪ್ಪ, ಕಿಟಕಿಗೆ ಕಬ್ಬಿಣದ ಸರಳು ಬೇಡ, ಜೈಲಿನ ಹಾಗೆ ಕಾಣ್ತದೆ, ಡಬಲ್ ಗ್ಲಾಸ್ ಹಾಕಿಸುವ" ಎಂದ. ಹಾಕಿಸಿದೆವು. ಲಾರಿಗಳ ಹಾರ್ನ್ ಕಡಿಮೆಯಾಯಿತು, ಏಸಿಯ ತಂಪೂ ನಿಲ್ಲುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಮಾರಿದವರು ಇನ್ನೊಂದು ಮಾತು ಸೇರಿಸಿದ್ದರು: ಎರಡೆರಡು ಗಾಜು ಉಂಟು, ಇನ್ನು ಕಳ್ಳರ ಹೆದರಿಕೆ ಬೇಡ. ನಾನೂ ನಂಬಿದೆ.

ಕಳೆದ ತಿಂಗಳು ಒಂದು ಸಂಜೆ ಗಾಳಿಗೆ ಎದುರು ಬಾಗಿಲು ಧಡ್ ಎಂದು ಹಾಕಿಕೊಂಡಿತು. ಆಟೊಮ್ಯಾಟಿಕ್ ಲಾಕ್. ಕೀ ಒಳಗೆ, ನಾವಿಬ್ಬರೂ ಹೊರಗೆ. ಕಿಟಕಿ ಹಾಕಿದ ಹುಡುಗನಿಗೇ ಫೋನ್ ಮಾಡಿದೆ. ಒಂದು ಗಾಜಿನ ದುಡ್ಡು ಹೋಯ್ತು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಅವನು ಬಂದವನೇ "ಒಡೆಯುವುದು ಯಾಕೆ ಸರ್, ಬೀಡಿಂಗ್ ಹೊರಗೆ ಉಂಟಲ್ವಾ" ಎಂದು, ಚಪ್ಪಟೆ ಉಳಿಯೊಂದನ್ನು ತೆಗೆದು, ಗಾಜಿನ ಸುತ್ತ ಹಿಡಿದುಕೊಂಡಿರುವ ಆ ತೆಳು ಪಟ್ಟಿಗಳನ್ನು ಒಂದೊಂದಾಗಿ ಎಬ್ಬಿಸಿ, ಗಾಜನ್ನು ಇಡಿಯಾಗಿ ಹೊರತೆಗೆದು ಗೋಡೆಗೆ ಒರಗಿಸಿಟ್ಟು, ಒಳಗೆ ಹೋಗಿ ಬಾಗಿಲು ತೆರೆದ. ಐದು ನಿಮಿಷವೂ ಆಗಲಿಲ್ಲ. ಪಕ್ಕದ ಮನೆಯ ನಾಯಿ ಕೂಡ ಬೊಗಳಲಿಲ್ಲ! ಹೆಂಡತಿ ಅವನಿಗೆ ಚಹಾ ಮಾಡಿ ಕೊಟ್ಟಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಇದನ್ನೆಲ್ಲ ಪೇಪರಿಗೆ ಬರೆದರೆ ಕಳ್ಳರಿಗೆ ಪಾಠ ಹೇಳಿದ ಹಾಗೆ ಆಗುತ್ತದೆ ಅಂತ ನನ್ನ ತಮ್ಮ ಹೇಳಿದ. ಕಳ್ಳರಿಗೆ ಇದು ಯಾವಾಗಲೋ ಗೊತ್ತು, ಗೊತ್ತಿಲ್ಲದೆ ಇದ್ದದ್ದು ನನಗೆ.

ಮರುದಿನ ಆ ಹುಡುಗನನ್ನೇ ಕೂರಿಸಿಕೊಂಡು ಎಲ್ಲ ಕೇಳಿದೆ. ಎರಡು ಗಾಜುಗಳ ನಡುವೆ ಹತ್ತು ಹನ್ನೆರಡು ಮಿಲಿಮೀಟರ್ ಜಾಗ ಇರುವುದು ಶಬ್ದಕ್ಕೆ ಮತ್ತು ಬಿಸಿಗೆ, ಕಳ್ಳರಿಗಾಗಿ ಅಲ್ಲ. ಟಫನ್ಡ್ ಗಾಜು ಅಂದರೆ ಅಷ್ಟೇ ದಪ್ಪದ ಮಾಮೂಲಿ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ, ನಿಜ. ಆದರೆ ಒಡೆದರೆ ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಉದುರುತ್ತದೆ, ಒಳಗೆ ಬರಲು ದಾರಿ ಪೂರ್ತಿ ತೆರೆದ ಹಾಗೆ. ಕೈಗೆ ಗಾಯ ಆಗಬಾರದು ಅಂತ ಮಾಡಿದ ಗಾಜು ಅದು. ಬೇಕಾದದ್ದು ಲ್ಯಾಮಿನೇಟೆಡ್. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿರುತ್ತಾರೆ, ಕಾರಿನ ಮುಂದಿನ ಗಾಜಿನ ಹಾಗೆ. ಬಿರುಕು ಬಿಟ್ಟರೂ ಬೀಳುವುದಿಲ್ಲ, ಹೊಡೆಯುತ್ತಾ ಇರಬೇಕು, ಶಬ್ದವೂ ಆಗುತ್ತದೆ. ಡಬಲ್ ಗ್ಲಾಸಿನ ಎರಡರಲ್ಲಿ ಒಂದಾದರೂ ಇದಾಗಿರಲಿ. ರೇಟು ಜಾಸ್ತಿ, ಹಾಗಾಗಿ ಎಲ್ಲ ಕಿಟಕಿಗೂ ಬೇಡ, ನೆಲಮಹಡಿಗೆ ಮತ್ತು ಬಾಲ್ಕನಿ, ಸಜ್ಜಾದ ಮೇಲಿಂದ ಕೈಗೆ ಎಟುಕುವ ಕಿಟಕಿಗೆ ಸಾಕು.

ಹೊಸದಾಗಿ ಕಿಟಕಿ ಹಾಕಿಸುವವರು ಬೀಡಿಂಗ್ ಮನೆಯ ಒಳಬದಿಗೇ ಇರುವಂತೆ ಕೇಳಿ. ಈಗಾಗಲೇ ಹೊರಗೆ ಬೀಡಿಂಗ್ ಇರುವವರು ಏನು ಮಾಡಬೇಕು? ಗಾಜು ಮತ್ತು ಫ್ರೇಮಿನ ನಡುವೆ ಹಾಕುವ ಎರಡು ಕಡೆ ಅಂಟುವ ಸೆಕ್ಯುರಿಟಿ ಟೇಪ್ ಬರುತ್ತದೆ, ಪಟ್ಟಿ ಕಿತ್ತರೂ ಗಾಜು ಕೂತಲ್ಲೇ ಇರುತ್ತದೆ. ನಾನು ಅದನ್ನೇ ಹಾಕಿಸಿದೆ. ಹ್ಯಾಂಡಲ್ ಬದಲಿಸಿ ಕೀ ಇರುವುದನ್ನು ಹಾಕಿಸಿದೆ. ಸ್ಲೈಡಿಂಗ್ ಕಿಟಕಿಯ ಕಥೆಯೇ ಬೇರೆ ಮಾರಾಯ್ರೆ, ಮೇಲೆ ತಡೆ ಇಲ್ಲದಿದ್ದರೆ ಜಾರುವ ಬಾಗಿಲನ್ನು ಎತ್ತಿ ಟ್ರ್ಯಾಕಿನಿಂದಲೇ ತೆಗೆಯಬಹುದು. ಅಲ್ಲಿಗೆ ಬೇಕಾದದ್ದು ಒಂದು ಸಣ್ಣ ಬ್ಲಾಕ್ ಅಷ್ಟೇ, ನಮ್ಮ ಮನೆಯಲ್ಲಿ ಅದನ್ನೂ ಹಾಕಿರಲಿಲ್ಲ. ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್, ಫ್ರೇಮಿನ ಒಳಗೆ ಸ್ಟೀಲ್ ಪಟ್ಟಿ ಇದೆಯಾ, ಲಾಕಿನ ಸ್ಕ್ರೂ ಅದಕ್ಕೆ ಕಚ್ಚಿದೆಯಾ ನೋಡಿ. ಮಲ್ಪೆ, ಪಡುಕೆರೆ ಕಡೆಯವರು ಸ್ಕ್ರೂ ಸ್ಟೇನ್‌ಲೆಸ್ ಹೌದೋ ಅಂತಲೂ ಕೇಳಬೇಕು. ಉಪ್ಪುಗಾಳಿಗೆ ತುಕ್ಕು ಹಿಡಿದ ಮೇಲೆ ಯಾವ ಲಾಕ್ ಆದರೇನು?

ಇಷ್ಟಕ್ಕಿಂತ ಗ್ರಿಲ್ಲೇ ಒಳ್ಳೆಯದಲ್ವಾ ಅಂತ ಕೇಳುವವರು ಇದ್ದಾರೆ. ಇರಬಹುದು. ಆದರೆ 2024ರ ಜುಲೈಯಲ್ಲಿ ಮಂಗಳೂರಿನ ಕೋಟೆಕಣಿಯಲ್ಲಿ ದರೋಡೆಕೋರರು ವೃದ್ಧ ದಂಪತಿಯ ಮನೆಗೆ ನುಗ್ಗಿದ್ದು ಕಿಟಕಿಯ ಗ್ರಿಲ್ ಕತ್ತರಿಸಿಯೇ. ಗ್ರಿಲ್ ಹಾಕುವವರು ಮಲಗುವ ಕೋಣೆಯ ಒಂದು ಕಿಟಕಿಗಾದರೂ ಒಳಗಿನಿಂದ ತೆರೆಯುವ ಬಾಗಿಲು ಇಟ್ಟು, ಅದರ ಕೀ ಎಲ್ಲಿದೆ ಅಂತ ಮನೆಮಂದಿಗೆಲ್ಲ ತೋರಿಸಿಡಿ. ಬೆಂಕಿ ಬಿದ್ದರೆ ಓಡುವುದು ಎಲ್ಲಿಂದ?

ಮೊನ್ನೆ ಪಕ್ಕದ ಮನೆಯವರು ಹೊಸ ಕಿಟಕಿಯ ಕೊಟೇಶನ್ ತಂದು ತೋರಿಸಿದರು. ಮೂರು ಪುಟ. ಫ್ರೇಮಿನ ಬಣ್ಣ, ಸೊಳ್ಳೆ ಪರದೆ, ಸಾಗಾಟ, ಜಿಎಸ್‌ಟಿ ಎಲ್ಲ ಇದೆ. ಗಾಜು ಯಾವ ಜಾತಿಯದು, ಬೀಡಿಂಗ್ ಒಳಗೋ ಹೊರಗೋ, ಆ ಮಾತೇ ಇಲ್ಲ. ಕೊನೆಯ ಪುಟದ ಅಡಿಯಲ್ಲಿ ನಾನೇ ಪೆನ್ನಿನಿಂದ ಆ ಎರಡು ಸಾಲು ಬರೆದು, ಇದಕ್ಕೆ ಸಹಿ ಹಾಕಿಸಿಕೊಂಡ ಮೇಲೆ ಅಡ್ವಾನ್ಸ್ ಕೊಡಿ ಎಂದೆ.

ಇತಿ,
ಒಬ್ಬ ಓದುಗ, ಅಂಬಲಪಾಡಿ, ಉಡುಪಿ