ಜೀವ ಉಳೀತು, ಮಂಚದಿಂದ ಇಳಿಸೋರು ಯಾರು?

ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ ಸಾರ್.

ನನ್ನ ಅಪ್ಪ ಪಾಂಡವಪುರ ತಾಲ್ಲೂಕಿನ ರೈತ. ಕಬ್ಬು, ಒಂದಿಷ್ಟು ಭತ್ತ. ಹೋದ ವರ್ಷ ಒಂದು ಬೆಳಿಗ್ಗೆ ಆಲೆಮನೆಗೆ ಹೊರಟವರು ಜಗಲಿ ಮೇಲೇ ಕುಸಿದರು. ಲಕ್ವ ಹೊಡೆದಿತ್ತು. ಬಾಯಿ ಸೊಟ್ಟ, ಬಲಗೈ ಬಲಗಾಲು ಎರಡಕ್ಕೂ ಸ್ವಾಧೀನ ಇಲ್ಲ. 108 ಬೇಗ ಬಂತು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು ಜೀವ ಉಳಿಸಿದರು. ಆ ಋಣ ದೊಡ್ಡದು, ನನ್ನ ದೂರು ಅದರ ಬಗ್ಗೆ ಅಲ್ಲ.

ಒಂಬತ್ತನೇ ದಿನ ಡಿಸ್ಚಾರ್ಜ್ ಅಂದರು. ಅಪ್ಪನಿಗೆ ಆಗ ಎದ್ದು ಕೂರಲೂ ಬರುತ್ತಿರಲಿಲ್ಲ. ಚೀಟಿಯ ಕೊನೆಗೆ ಒಂದೇ ಸಾಲು, ‘ಫಿಸಿಯೋಥೆರಪಿ ಮಾಡಿಸಿ’. ಎಲ್ಲಿ, ಯಾರ ಹತ್ತಿರ? ಬರೆದಿರಲಿಲ್ಲ. ಅವರಿಗೆ ಬೆಡ್ ಬೇಕಿತ್ತು, ನನಗೂ ಅರ್ಥವಾಗುತ್ತದೆ. ಹೊರಗೆ ಇನ್ಯಾರದೋ ಅಪ್ಪ ಸ್ಟ್ರೆಚರ್ ಮೇಲೆ ಕಾಯುತ್ತಿದ್ದರು.

ಮನೆಗೆ ಬಂದಮೇಲೆ ನಾವು ಮಾಡಿದ್ದೆಲ್ಲ ತಪ್ಪೇ. ಸೋತ ಕೈ ಹಿಡಿದು ಎಳೆದು ಎಬ್ಬಿಸಬಾರದಂತೆ. ತಮ್ಮ ದಿನಾ ಹಾಗೇ ಎಬ್ಬಿಸಿದ. ಭುಜದ ಕೀಲು ಸಡಿಲವಾಗಿ ಅಪ್ಪ ರಾತ್ರಿಯೆಲ್ಲ ನರಳಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು ಅಂತ ಗೊತ್ತಾಗಿದ್ದು ಬೆನ್ನ ಕೆಳಗೆ ಹುಣ್ಣಾದ ಮೇಲೆ. ನೀರು ಕುಡಿಸಿದರೆ ಕೆಮ್ಮು. ‘ನೆತ್ತಿಗೆ ಹತ್ತಿತು’ ಅಂತ ಅವ್ವ ತಲೆ ತಟ್ಟುತ್ತಿದ್ದರು. ಆ ನೀರು ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ನ್ಯುಮೋನಿಯಾ ಆಗಿ ಮತ್ತೆ ಆಸ್ಪತ್ರೆ ಸೇರಿದರು. ಊರವರು ಪಾರಿವಾಳದ ರಕ್ತ ಹಚ್ಚಿ ಅಂದರು. ನಗಬೇಡಿ ಸಾರ್, ಬೇರೆ ಯಾರೂ ಏನೂ ಹೇಳದಿದ್ದಾಗ ಅದನ್ನೂ ಕೇಳಬೇಕು ಅನ್ನಿಸುತ್ತದೆ.

ಒಂದು ವಿಚಿತ್ರ ನೋಡಿ. ನ್ಯುಮೋನಿಯಾ ಬಿಲ್ಲಿಗೆ ಸರ್ಕಾರದ ಆರೋಗ್ಯ ಕಾರ್ಡು ನಡೆಯಿತು. ಅಪ್ಪನಿಗೆ ಕೂರುವುದು, ನುಂಗುವುದು ಕಲಿಸುವುದಕ್ಕೆ ನಡೆಯಲಿಲ್ಲ. ಅರ್ಧ ಗಂಟೆಯ ಫಿಸಿಯೋಗೆ ಇಬ್ಬರು ಹೊತ್ತು ಆಟೋಗೆ ಹತ್ತಿಸಬೇಕಿತ್ತು. ಫಿಸಿಯೋ ಫೀಸಿಗಿಂತ ಆಟೋ ಬಾಡಿಗೆಯೇ ಜಾಸ್ತಿ. ವಾರಕ್ಕೆ ಎರಡು ದಿನ ಹೋದೆವು, ಆಮೇಲೆ ಒಂದು ದಿನ, ಆಮೇಲೆ ಬಿಟ್ಟೆವು.

ಬೇಕಿದ್ದದ್ದು ಆಸ್ಪತ್ರೆಗೂ ಮನೆಗೂ ನಡುವೆ ಒಂದು ಪುನಶ್ಚೇತನ ವಾರ್ಡ್. ರೋಗಿ ಮೂರ್ನಾಲ್ಕು ವಾರ ಅಲ್ಲೇ ಇರಬೇಕು. ದಿನಾ ಒಂದೆರಡು ಗಂಟೆಯಾದರೂ ಫಿಸಿಯೋ ಆಗಬೇಕು. ಎಡಗೈಯಲ್ಲಿ ಅಂಗಿ ಗುಂಡಿ ಹಾಕುವುದು, ತಟ್ಟೆ ಹಿಡಿಯುವುದು ಕಲಿಸುವವರು ಒಬ್ಬರು, ಮಾತು ಮತ್ತು ನುಂಗುವುದನ್ನು ನೋಡುವವರು ಒಬ್ಬರು. ಜೊತೆಗಿದ್ದವರಿಗೂ ಪಾಠ ಆಗಬೇಕು. ಅವ್ವನಿಗೆ ಯಾರಾದರೂ ನಾಲ್ಕು ದಿನ ಕೈ ಹಿಡಿದು ತೋರಿಸಿದ್ದರೆ ಆ ಹುಣ್ಣು ಆಗುತ್ತಲೇ ಇರಲಿಲ್ಲ. ಲಕ್ವ ಹೊಡೆದ ಮೇಲೆ ಮಿದುಳು ಹೆಚ್ಚು ಚೇತರಿಸಿಕೊಳ್ಳುವುದು ಮೊದಲ ಮೂರು ತಿಂಗಳಲ್ಲಿ. ಆ ಮೂರು ತಿಂಗಳು ನಾವು ಹುಣ್ಣು ಒಣಗಿಸುತ್ತಾ ಕೂತಿದ್ದೆವು.

ಇದು ಲಕ್ವದವರ ಕಥೆ ಮಾತ್ರ ಅಲ್ಲ. ನಮ್ಮ ಕಡೆ ತೆಂಗಿನ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರಿದ್ದಾರೆ. ಹೆದ್ದಾರಿಯಲ್ಲಿ ತಲೆಗೆ ಪೆಟ್ಟಾದ ಹುಡುಗರಿದ್ದಾರೆ. ಮೂತ್ರದ ಪೈಪನ್ನು ತಾವೇ ಹಾಕಿಕೊಳ್ಳುವುದು, ಮಂಚದಿಂದ ಗಾಲಿಕುರ್ಚಿಗೆ ಜಾರುವುದು ಇವೆಲ್ಲ ಯಾರಾದರೂ ಕಲಿಸಿದರೆ ತಾನೇ ಬರುವುದು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಒಂದು ವಿಭಾಗವಿದೆ. ಮಾತು, ನುಂಗುವ ತೊಂದರೆ ನೋಡುವ ಆಯಿಷ್ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಕೂರಲಾಗದವರನ್ನು ದಿನಾ ಅಲ್ಲಿಗೆ ಕರೆದೊಯ್ಯಲು ಆಗುವುದಿಲ್ಲ. ಆಯಿಷ್‌ನವರು ವಾರಕ್ಕೆ ಎರಡು ದಿನ ಮಂಡ್ಯಕ್ಕೆ ಬರಬಹುದು ಅಲ್ವಾ? ದೂರ ಸುಮಾರು 45 ಕಿಲೋಮೀಟರ್.

ನಾನು ಕೇಳುವುದು ಇಷ್ಟೇ. ಜಿಲ್ಲೆಯಲ್ಲಿ ಸರ್ಕಾರದ್ದೇ ಇಪ್ಪತ್ತು ಹಾಸಿಗೆಯ ಪುನಶ್ಚೇತನ ವಾರ್ಡ್, ಅದಕ್ಕೆ ಕಾರ್ಡು ನಡೆಯಬೇಕು. ದೊಡ್ಡ ಮಷಿನ್ ಬೇಡ. ಹಿಡಿದು ನಡೆಯಲು ಎರಡು ಕಂಬಿ, ಕೆಲವು ವಾಕರ್, ಕಲಿಸುವ ಜನ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 27ನೇ ಕಲಂ ಕೂಡ ಸರ್ಕಾರ ತನ್ನ ಶಕ್ತಿಯ ಮಿತಿಯಲ್ಲಿ ಪುನಶ್ಚೇತನ ಸೇವೆ ಕೊಡಬೇಕು ಎನ್ನುತ್ತದೆ. ಇಪ್ಪತ್ತು ಹಾಸಿಗೆ ಆ ಮಿತಿ ಮೀರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಅಪ್ಪ ಈಗ ಕೋಲು ಹಿಡಿದು ಬಚ್ಚಲಿನವರೆಗೆ ಹೋಗುತ್ತಾರೆ. ಬಲಗೈ ಮಡಚಿಕೊಂಡೇ ಉಳಿದಿದೆ. ಜಿಲ್ಲೆಯ ಕೆಲಸಗಳ ಪರಿಶೀಲನೆಗೆ ನೀವು ನಡೆಸುವ ಮುಂದಿನ ಕೆಡಿಪಿ ಸಭೆಯ ದಿನ ನಾನು ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಆ ಡಿಸ್ಚಾರ್ಜ್ ಚೀಟಿ ತರುತ್ತೇನೆ, ಐದು ನಿಮಿಷ ಕೊಡಿ.

ಇತಿ,
ಪಾಂಡವಪುರ ತಾಲ್ಲೂಕಿನ ರೈತರೊಬ್ಬರ ಮಗಳು